ಹಾಸ್ಟೆಲ್ ಹುಡುಕಿ ಹೋದ ಅಕ್ಕೋರು

ಅಕ್ಕೋರು ತೀರಿಹೋದ ಮೇಲೆ ಭಾಲ್ಕಿಯಲ್ಲಿ, ಅವರ ಅಣ್ಣನ ಮನೆಯ ಅಂಗಳದಲ್ಲಿ ಪೆಂಡಾಲು ಹಾಕಿ ಪುಣ್ಯಾನುಮೋದನೆ ಇಟ್ಟುಕೊಂಡಿದ್ದರು. ಬುದ್ಧವಂದನೆ ಮುಗಿದು ಮಾತು ಶುರುವಾದಾಗ ಮೈಕು ಹಿಡಿದವರೆಲ್ಲ ಒಬ್ಬರ ಹಿಂದೊಬ್ಬರು ಅಕ್ಕೋರನ್ನು 'ಧೈರ್ಯವಂತೆ' ಅಂದರು. ಒಬ್ಬರಂತೂ 'ಸಿಂಹಿಣಿ' ಅಂದುಬಿಟ್ಟರು. ಹಿಂದಿನ ಸಾಲಿನ ಕುರ್ಚಿಯಲ್ಲಿದ್ದ ನನಗೆ, ಇವರು ಬೇರೆ ಯಾರ ಬಗ್ಗೆಯಾದರೂ ಮಾತಾಡುತ್ತಿದ್ದಾರೇನೋ ಅನಿಸಿತು. ನಾನು ಕಂಡ ಅಕ್ಕೋರಷ್ಟು ಅಂಜುವ ಹೆಂಗಸು ಇಡೀ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಬೀದರಿನಲ್ಲಿ ಅವರು ನಮ್ಮ ಮನೆಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಮದುವೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಔರಾದ ಬಸ್ಸು ಹತ್ತಿ, ಅಲ್ಲಿಂದ ಜೀಪಿನಲ್ಲಿ ಎಕಂಬಾ ಅನ್ನುವ ಹಳ್ಳಿಯ ಸಾಲಿಗೆ ಹೋಗುತ್ತಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುವುದು ರೂಢಿ, ಹಾಗಾಗಿ ನಮ್ಮ ಓಣಿಗೂ ಅವರು ಅಕ್ಕೋರೇ. ಗ್ಯಾಸ್ ಸಿಲಿಂಡರ್ ಬದಲಿಸಬೇಕಾದರೆ ಅವ್ವನನ್ನು ಕರೆಯುತ್ತಿದ್ದರು. ಓಣಿಯ ತುದಿಯಲ್ಲಿ ನಾಯಿ ಕೂತಿದ್ದರೆ ಸುತ್ತಿ ಇನ್ನೊಂದು ಹಾದಿಯಿಂದ ಬರುತ್ತಿದ್ದರು. ಗುಡುಗಿದರೆ ನಮ್ಮ ಅಡುಗೆಮನೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದರು. ಒಮ್ಮೆ ಮಕ್ಕಳನ್ನು ಅಷ್ಟೂರಿನ ಗುಮ್ಮಟ ತೋರಿಸಲು ಕರೆತಂದಿದ್ದಾಗ ನಾನೂ ಜೊತೆಗಿದ್ದೆ. ಗುಮ್ಮಟದೊಳಗಿನ ಕತ್ತಲೆಗೆ ಅಂಜಿ ಅವರು ಒಳಗೆ ಕಾಲಿಡಲಿಲ್ಲ. ಮಕ್ಕಳನ್ನು ಇನ್ನೊಬ್ಬ ಮಾಸ್ತರರ ಜೊತೆ ಕಳಿಸಿ, ಹೊರಗೆ ಬಿಸಿಲಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಒಳಗಿನಿಂದ 'ಹಾಂ ಅಕ್ಕೋರ' ಅಂತ ಉತ್ತರ ಬರುವವರೆಗೂ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ.

ಅವರದೊಂದು ಮಾತಿತ್ತು. ರಸ್ತೆ ದಾಟುವುದಿರಲಿ, ಇಂಜೆಕ್ಷನ್ ಇರಲಿ, ಶಿಕ್ಷಣ ಇಲಾಖೆಯ ಸಾಹೇಬರ ಮುಂದೆ ನಿಲ್ಲುವುದಿರಲಿ, ಒಂದು ಗಳಿಗೆ ಕಣ್ಣು ಮುಚ್ಚಿ ಸೆರಗು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು. ಯಾಕೆ ಅಂತ ಕೇಳಿದರೆ, "ತಡಿಯವ್ವಾ, ಮೊದಲ ಅಂಜಿ ಮುಗಿಸ್ತೇನಿ" ಅನ್ನುತ್ತಿದ್ದರು.

ನಾನು ಹೇಳಬೇಕೆಂದಿರುವುದು ಮಳೆ ಕೈಕೊಟ್ಟ ವರ್ಷಗಳ ಮಾತು. ಬೀದರಿನಲ್ಲೇ ನಳಕ್ಕೆ ನೀರು ಬರುವುದು ಅಪರೂಪವಾಗಿ ಟ್ಯಾಂಕರಿನ ಹಿಂದೆ ಜನ ಓಡುತ್ತಿದ್ದರು. ಔರಾದ ಕಡೆಯ ಹಳ್ಳಿಗಳಲ್ಲಿ ದೀಪಾವಳಿ ಮುಗಿದದ್ದೇ ತಡ, ಮನೆಗಳಿಗೆ ಬೀಗ ಬೀಳುತ್ತಿತ್ತು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ಕೆಲವರು ಕೂಲಿಗೆ ಜನ ಒಯ್ಯುವ ದಲಾಲನ ಮಾತು ನಂಬಿ ಹೆಸರೂ ಗೊತ್ತಿಲ್ಲದ ಊರಿಗೆ ಹೋಗುತ್ತಿದ್ದರು. ಅಕ್ಕೋರು ಸಂಜೆ ಬಂದು, "ಇವತ್ತ ಮತ್ತ ಇಬ್ಬರು ಕಮ್ಮಿ ಆದ್ರು" ಅಂತ ಅವ್ವನ ಮುಂದೆ ಹೇಳುತ್ತಿದ್ದರು. ಇದ್ದ ಮಕ್ಕಳಿಗೆ ಅಕ್ಕೋರು ಕಲಿಸಿದ ಮೊದಲ ಪಾಠ ನೀರಿನದು. ಸಾಲಿಯ ಡ್ರಮ್ಮಿನ ನಳ ತೊಟ್ಟಿಕ್ಕಿದರೆ ಸಾಕು, ಅವರ ದನಿ ಬಯಲಿನಾಚೆಗೂ ಕೇಳುತ್ತಿತ್ತು.

ಹಾಗೆ ಕಮ್ಮಿಯಾದವರಲ್ಲಿ ಮಾಳಮ್ಮ ಒಬ್ಬಳು. ಕುರಿ ಕಾಯುವ ಮನೆಯ ಹುಡುಗಿ, ಏಳನೆಯ ತರಗತಿ. ಮೇವಿಲ್ಲದೆ ಕುರಿ ಮಾರಿ ಅವಳ ತಂದೆ ತಾಯಿ ಅವಳನ್ನೂ ಕರೆದುಕೊಂಡು ದಲಾಲನ ಹಿಂದೆ ಸಮುದ್ರದ ಕಡೆ ಕೆಲಸಕ್ಕೆ ಹೋದರು. ಜೂನಿನಲ್ಲಿ ಬಿತ್ತನೆಗೆ ತಿರುಗಿ ಬಂದಾಗ ಹುಡುಗಿ ಜೊತೆಗಿರಲಿಲ್ಲ. ಅಕ್ಕೋರು ಅವರ ಮನೆಗೇ ಹೋಗಿ ಕೇಳಿದರಂತೆ.

"ಹಾಸ್ಟೆಲ್‌ನಾಗ ಬಿಟ್ಟು ಬಂದೇವ್ರಿ ಅಕ್ಕೋರ. ಛಲೋ ಅದಾಳ" ಅಂದ ತಂದೆ.

"ಯಾವ ಸಾಲಿ ಹಾಸ್ಟೆಲ್?"

"ಅದ ಗೊತ್ತಿಲ್ರಿ. ಸಮುದ್ರದ ಬಾಜೂಕ ಅದರಿ. ಮಂದಿ ಹಲಗಿ ಮ್ಯಾಲ ನಿಂತು ನೀರಾಗ ಜಿಗೀತಾರ್ರಿ ಅಲ್ಲಿ. ಹಾಸ್ಟೆಲ್‌ನಾಗ ಇಟ್ಕೋತೇವಿ ಅಂತ ಅಲ್ಲಿಯ ಮಾಲಕರ ಅಂದ್ರು. ನಾವು ಹೂಂ ಅಂದೇವ್ರಿ."

ನಮ್ಮ ಜಿಲ್ಲೆಯಲ್ಲಿ ಹಾಸ್ಟೆಲ್ ಅಂದರೆ ಒಂದೇ ಅರ್ಥ. ಬಡವರ ಮಕ್ಕಳು ಊಟ ಮಾಡಿ, ಮಲಗಿ, ಓದುವ ಜಾಗ. ಅಕ್ಕೋರು ಆ ಸಂಜೆ ನಮ್ಮ ಮನೆಗೆ ಬಂದು ನನ್ನ ಮೊಬೈಲಿನಲ್ಲಿ ಹುಡುಕಿಸಿದರು. ಉಡುಪಿಗೂ ಮಂಗಳೂರಿಗೂ ನಡುವೆ, ಅಲೆಯ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ಆಟಕ್ಕೆ ಹೆಸರಾದ ಒಂದು ತೀರ ಸಿಕ್ಕಿತು. ಅಲ್ಲಿನ ಸಣ್ಣ ಸಣ್ಣ ವಸತಿಗಳಿಗೆಲ್ಲ ಹಾಸ್ಟೆಲ್ ಅಂತಲೇ ಹೆಸರು. ಒಂದು ಕೋಣೆಯಲ್ಲಿ ಮಂಚದ ಮೇಲೆ ಮಂಚ, ಗೋಡೆಯ ಮೇಲೆ ಬಣ್ಣದ ಚಿತ್ರ, ಬರ್ಮುಡಾ ತೊಟ್ಟು ನಗುತ್ತಿರುವ ಜನ. ಅಕ್ಕೋರು ಒಂದೊಂದೇ ಫೋಟೋ ನೋಡುತ್ತ ಹೋದರು. "ಇಲ್ಲಿ ಓದೋ ಮಕ್ಕಳು ಎಲ್ಲದಾರವ್ವಾ?" ಅಂದರು.

ಊರಿನ ಹಿರಿಯರಿಗೆ, ಇಲಾಖೆಯವರಿಗೆ ಹೇಳಿ ನೋಡಿದರು. ತಂದೆ ತಾಯಿಯೇ ಬಿಟ್ಟು ಬಂದಿದ್ದಾರಲ್ಲ, ನಿಮಗೇಕೆ ಅಂದರು. ದಸರಾ ರಜೆ ಬಂತು. ಪ್ರತಿ ದಸರೆಗೆ ಬುದ್ಧವಂದನೆಗೆಂದು ನಾಗಪುರಕ್ಕೆ ಹೋಗುತ್ತಿದ್ದ ಅಕ್ಕೋರು ಆ ವರ್ಷ ಹೋಗಲಿಲ್ಲ. ಅವ್ವನ ಮುಂದೆ ಬಂದು ಕೂತು, "ನಿಮ್ಮ ಮಗಳನ್ನ ನನ್ನ ಜೋಡಿ ಕಳಸ್ತೀರೇನ್ರಿ? ಒಬ್ಬಾಕಿಗೆ ಭಾಳ ಅಂಜಿಕಿ ಬರ್ತದ" ಅಂದರು. ನಾನು ಆಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಅಲ್ಪಸ್ವಲ್ಪ ಇಂಗ್ಲಿಷು ಬರುತ್ತಿತ್ತು. ಅವ್ವ ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು, ದಾರಿಗೆ ಬುತ್ತಿ ಬೇಕಲ್ಲ.

ನಾವು ಮೊದಲು ಇಳಿದ ಹಾಸ್ಟೆಲಿನಲ್ಲಿ ಕೋಣೆಗೆ ಚಿಲಕವೇ ಇರಲಿಲ್ಲ. ಹೋಗುವವರು ಹೋಗುತ್ತಿದ್ದರು, ಬರುವವರು ಬರುತ್ತಿದ್ದರು. ಅಕ್ಕೋರಿಗೆ ಸಿಕ್ಕಿದ್ದು ಕೆಳಗಿನ ಮಂಚ. ಮೇಲಿನ ಮಂಚದಿಂದ ತೋಳ ತುಂಬ ಹಚ್ಚೆ ಹಾಕಿಸಿಕೊಂಡ ಗಂಡಸಿನ ಕಾಲು ಜೋತುಬಿದ್ದಿತ್ತು. ಅವನು ಕೆಳಗೆ ಬಗ್ಗಿ ನೋಡಿ 'ಹಲೋ' ಅಂದ. ಅಕ್ಕೋರು ಕೈ ಮುಗಿದು, ಎದ್ದು, ನನ್ನ ಮಂಚಕ್ಕೆ ಬಂದು ಕೂತರು. ಅಲ್ಲಿಂದ ಮುಂದೆ ಪ್ರತಿ ಹಾಸ್ಟೆಲಿನಲ್ಲೂ ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗಿದೆವು. ಗೋಡೆಯ ಕಡೆ ನಾನು, ಹೊರಗಡೆ ಅವರು. ಅಂಜುವವರು ಗೋಡೆಯ ಕಡೆ ಮಲಗಬೇಕಲ್ಲವೇ ಅಂದರೆ, "ನಿಮ್ಮವ್ವಗ ನಾ ಜವಾಬು ಕೊಡಬೇಕವ್ವಾ" ಅಂದರು.

ಸಮುದ್ರವನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ಅದರ ಸದ್ದು ಅವರಿಗೆ ತಡೆಯಲಾಗಲಿಲ್ಲ. ಊಟ ಮಾಡುವಾಗಲೂ ಕಿವಿ ಅತ್ತಲೇ. "ಇದು ಬಂದ್ ಆಗಂಗೇ ಇಲ್ಲೇನು?" ಅಂತ ಕೇಳಿದರು. ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಒಣ ಮರಳಿನ ಮೇಲೆ ಮಾತ್ರ ನಡೆಯುತ್ತಿದ್ದರು. ಹಲಗೆ ಹಿಡಿದು ನೀರಿಗಿಳಿದವರು ಅಲೆಯ ಕೆಳಗೆ ಕಾಣೆಯಾದಾಗ ಉಸಿರು ಹಿಡಿದು ನಿಂತುಬಿಡುತ್ತಿದ್ದರು. ತಲೆಗಳು ಮೇಲೆ ಬಂದ ಮೇಲೆ ಬಾಯೊಳಗೇ ಎಣಿಸುತ್ತಿದ್ದರು. ಅವರು ಯಾರೋ, ಎಲ್ಲಿಯವರೋ, ಆದರೂ ಲೆಕ್ಕ ಸರಿಯಾದ ಮೇಲೆಯೇ ಅಲ್ಲಿಂದ ಕದಲುತ್ತಿದ್ದರು.

ಮೊದಲ ಹಾಸ್ಟೆಲಿನಲ್ಲಿ ಮಾಳಮ್ಮ ಇರಲಿಲ್ಲ. ಎರಡನೆಯದರಲ್ಲಿ ನಾನು ಕೌಂಟರಿನ ಹುಡುಗಿಗೆ ಸಾಲಿಯಿಂದ ತಂದಿದ್ದ ಮಾಳಮ್ಮನ ಫೋಟೋ ತೋರಿಸಿ ಕೇಳಿದೆ. ಅವಳು ಒಳಗೆ ಹೋಗಿ ಯಾರನ್ನೋ ಕರೆತಂದಳು. ಬಂದವನು ನಗಲಿಲ್ಲ.

"ನೀವು ಎಲ್ಲಿಯವರು? ಇದೆಲ್ಲ ಎಂತಕ್ಕೆ ಕೇಳುವುದು?" ಅಂದ. "ಇಲ್ಲಿ ಬೇರೆಯವರ ವಿಷಯಕ್ಕೆ ಕೈ ಹಾಕುವುದು ಒಳ್ಳೆಯದಲ್ಲ ಆಯ್ತಾ."

ಆ ಸಂಜೆ ನಾವು ಚಹಾ ಕುಡಿಯಲು ಹೋದ ಗೂಡಂಗಡಿಯ ಎದುರಿಗೆ ಅವನ ಬೈಕು ನಿಂತಿತ್ತು. ಮರುದಿನ ಬಸ್ ಸ್ಟಾಪಿನಲ್ಲೂ ಅದೇ ಬೈಕು. ನನಗಂತೂ ಮನೆಗೆ ಹೋಗಿಬಿಡೋಣ ಅನಿಸಿತ್ತು, ಹಾಗೇ ಅಂದೆ ಕೂಡ. ಅಕ್ಕೋರು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಸೆರಗು ಬಿಗಿಯಾಗಿ ಹಿಡಿದರು. ಈ ಸಲ ಬಹಳ ಹೊತ್ತೇ ಬೇಕಾಯಿತು. ಕಣ್ಣು ತೆರೆದ ಮೇಲೆ, "ಇನ್ನ ಯಾರಿಗೂ ಕೇಳೋದು ಬ್ಯಾಡ. ಇದ್ದು, ತಿಂದು, ನೋಡೋಣು" ಅಂದರು.

ಮೂರನೆಯದು ತೀರದ ತುದಿಯಲ್ಲಿತ್ತು. ತೆಂಗಿನ ಗರಿಯ ಮಾಡು, ಹಗ್ಗದ ತೂಗುಮಂಚ, ಇಂಗ್ಲಿಷ್ ಹಾಡು. ಯಜಮಾನ ಮೂವತ್ತೈದರ ಆಸುಪಾಸಿನವನು, ಬಿಸಿಲಿಗೆ ಕೆಂಚಾದ ಕೂದಲು, ಎಲ್ಲರನ್ನೂ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುವವನು. ನಮಗೂ ಎಳನೀರು ಕೊಟ್ಟ. ನಾವು ರಜೆಗೆ ಬಂದ ಟೀಚರುಗಳು ಅಂತ ಹೇಳಿಕೊಂಡೆವು.

ಮಧ್ಯಾಹ್ನ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಿಲಿಗೆ ಹೋದೆವು. ಅಲ್ಲಿ ಸಾಲಾಗಿ ಬಿಳಿ ಬೆಡ್‌ಶೀಟುಗಳು ಹಾರಾಡುತ್ತಿದ್ದವು. ಅವುಗಳ ಆಚೆ ಕೂದಲು ಮೋಟಾಗಿ ಕತ್ತರಿಸಿದ, ದೊಡ್ಡ ಟೀಶರ್ಟು ತೊಟ್ಟ ಒಂದು ಮಗು ನಮಗೆ ಬೆನ್ನು ಮಾಡಿ ಕೂತು ಹಲಗೆಗಳ ಉಪ್ಪು ತೊಳೆಯುತ್ತಿತ್ತು. ಪೈಪಿನಿಂದ ನೀರು ಸುಮ್ಮನೆ ಮರಳಿಗೆ ಹರಿದು ಹೋಗುತ್ತಿತ್ತು. ಅಕ್ಕೋರಿಗೆ ಅದನ್ನು ನೋಡಿ ಎಲ್ಲಿದ್ದೇವೆ ಅನ್ನುವುದೇ ಮರೆತುಹೋಯಿತು.

"ಏ! ನಳ ಬಂದ್ ಮಾಡ!" ಅಂತ ಸಾಲಿಯ ದನಿಯಲ್ಲಿ ಕೂಗಿದರು.

ಆ ಮಗು ಒಂದೇ ನೆಗೆತಕ್ಕೆ ಹೋಗಿ ನಳ ತಿರುಗಿಸಿ, ಕೈಕಟ್ಟಿ ನೆಟ್ಟಗೆ ನಿಂತುಕೊಂಡಿತು. ಆಮೇಲೆ ತಿರುಗಿ ನೋಡಿತು.

ಅಕ್ಕೋರು ಹತ್ತಿರ ಹೋಗಿ, "ಮಾಳಮ್ಮ" ಅಂದರು.

ಹುಡುಗಿಯ ಮುಖದಲ್ಲಿ ಏನೂ ಕಾಣಲಿಲ್ಲ. "ನನ್ನ ಹೆಸರು ಪೂಜಾ. ನನಗೆ ಹದಿನೆಂಟು ವರ್ಷ. ನಾನು ಇಲ್ಲಿ ಖುಷಿಯಲ್ಲಿದ್ದೇನೆ" ಅಂದಳು. ಅದು ನಮ್ಮ ಕಡೆಯ ಮಾತೇ ಅಲ್ಲ, ಯಾರೋ ಬಾಯಿಪಾಠ ಮಾಡಿಸಿದ ಮಾತು. ಅವಳ ಎತ್ತರ ನನ್ನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

ನಾನಾಗಿದ್ದರೆ ಅವಳ ಕೈ ಹಿಡಿದು ಎಳೆದುಬಿಡುತ್ತಿದ್ದೆನೇನೋ. ಅಕ್ಕೋರು ಹಾಗೆ ಮಾಡಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಅವಳ ಬಾಜು ಕೂತು, ಒಂದು ಬಟ್ಟೆ ತೆಗೆದುಕೊಂಡು ತಾವೂ ಹಲಗೆ ಒರೆಸತೊಡಗಿದರು. ಅವಳ ಮುಖ ನೋಡದೆ, ಎಕಂಬಾದ ಸುದ್ದಿ ಹೇಳುತ್ತ ಹೋದರು. ಸಾಲಿಯ ಮುಂದಿನ ಬೇವಿನ ಮರ ಇನ್ನೂ ಹಸಿರಿದೆ, ನಿಮ್ಮವ್ವನಿಗೆ ಜ್ವರ ಬಂದು ವಾಸಿಯಾಯಿತು, ನಿನ್ನ ಗೆಳತಿ ಎಂಟನೆಯ ತರಗತಿಗೆ ಹೋದಳು, ಬೆಂಚಿನಲ್ಲಿ ನಿನ್ನ ಜಾಗದಲ್ಲಿ ಯಾರೂ ಕೂತಿಲ್ಲ. ಹುಡುಗಿ ಮತ್ತೆ ಕೂತು ಹಲಗೆ ಉಜ್ಜತೊಡಗಿದಳು. ಕೊನೆಗೆ ತುಟಿ ಅಲುಗಿಸದೆ, "ಅಕ್ಕೋರ, ಈ ಕಡಿ ನೋಡಬ್ಯಾಡ್ರಿ. ಅವರು ನೋಡ್ಲಿಕತ್ತಾರ" ಅಂದಳು.

ಮೇಲಿನ ಜಗಲಿಯಲ್ಲಿ ಯಜಮಾನ ನಿಂತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಡುಗೆ ಮಾಡುವ ಹೆಂಗಸೂ ನಿಂತಿದ್ದಳು. ಅವಳು ನಮ್ಮನ್ನು ನೋಡಿ ತಟ್ಟನೆ ಒಳಗೆ ಹೋದಳು.

ಆ ರಾತ್ರಿ ಹೇಗೆ ಕಳೆಯಿತೋ. ಹುಡುಗಿಯನ್ನು ಬೇರೆಲ್ಲಿಗಾದರೂ ಸಾಗಿಸಿಬಿಟ್ಟರೆ ಅನ್ನುವುದೊಂದೇ ಯೋಚನೆ. ಬೆಳಿಗ್ಗೆ ಅಕ್ಕೋರು, "ಅವನ ಜೋಡಿ ಒಬ್ಬಾಕಿನೇ ಮಾತಾಡ್ಲಿಕ್ಕ ನನಗ ಧೈರ್ಯ ಆಗಂಗಿಲ್ಲ. ಎಲ್ಲಾರೂ ನಾಷ್ಟಾಕ್ಕ ಕೂತಾಗ ಮಾತಾಡ್ತೇನಿ. ನಾ ಅಂದದ್ದು ನೀ ಇಂಗ್ಲಿಷಿನಾಗ ಜೋರಾಗಿ ಅನ್ನು" ಅಂದರು.

ಉದ್ದನೆಯ ಮೇಜಿಗೆ ದೇಶ ವಿದೇಶದ ಜನ ಕೂತು ತಿನ್ನುತ್ತಿದ್ದರು. ಮಾಳಮ್ಮ ತಟ್ಟೆ ಎತ್ತುತ್ತಿದ್ದಳು. ಅಕ್ಕೋರು ಎದ್ದು ನಿಂತರು. ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು.

"ಈ ಹುಡುಗಿ ನನ್ನ ಸಾಲಿಯಾಕಿ. ಇಕಿನ್ನ ನಾ ಕರ್ಕೊಂಡು ಹೋಗ್ತೇನ್ರಿ" ಅಂದರು.

ಯಜಮಾನ ನಗುತ್ತಲೇ ಬಂದ. "ನೋಡಿ ಟೀಚರ್, ಅವಳ ಅಪ್ಪನೇ ಬಿಟ್ಟು ಹೋದದ್ದು. ನಾವೇನು ಕದ್ದು ತಂದದ್ದಾ?"

"ಹೌದ್ರಿ, ಅಪ್ಪನೇ ಬಿಟ್ಟಾನ. ನೀವು ಹಾಸ್ಟೆಲ್ ಅಂದೀರಿ, ಅಂವ ನಂಬ್ಯಾನ. ನಮ್ಮ ಕಡಿ ಹಾಸ್ಟೆಲ್ ಅಂದ್ರ ಮಕ್ಕಳು ಓದೋ ಜಾಗಾ ರಿ. ಇಕಿ ಇಲ್ಲಿ ಯಾವ ಸಾಲಿಗೆ ಹೋಗ್ತಾಳ, ತೋರಸ್ರಿ. ತೋರಿಸಿದ್ರ ನಾ ಇಲ್ಲೇ ಬಿಟ್ಟು ಹೋಗ್ತೇನಿ."

ನಾನು ಅದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಮೇಜಿನ ಸುತ್ತ ಚಮಚೆಗಳ ಸದ್ದು ನಿಂತಿತು.

"ಪೊಲೀಸರನ್ನು ಕರೀಲಾ? ಪರರ ಮಕ್ಕಳನ್ನು ಎತ್ತಿಕೊಂಡು ಹೋಗುವುದು ಅಂದ್ರೆ ಏನು ಗೊತ್ತುಂಟಾ?" ಅವನ ನಗು ಹೋಗಿತ್ತು.

"ಕರೀರಿ. ನನಗ ಪೊಲೀಸರ ಅಂಜಿಕಿನೂ ಅದ. ಆದ್ರೂ ಕರೀರಿ."

ಅವನು ಹುಡುಗಿಯ ಕಡೆ ತಿರುಗಿದ. "ನೀನೇ ಹೇಳು. ನಿನ್ನ ಹೆಸರು ಎಂತ?"

ಹುಡುಗಿ ತಟ್ಟೆಗಳನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತ, "ಪೂಜಾ" ಅಂದಳು.

ಎಲ್ಲ ಮುಗಿಯಿತು ಅಂದುಕೊಂಡೆ. ಅಕ್ಕೋರು ಅವಳ ಹತ್ತಿರ ಹೋಗಿ, ಕೈಯಿಂದ ತಟ್ಟೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಪೂಜಾ ಅಂದ್ರೂ ನಡೀತದವ್ವಾ. ಬಾ, ಹೋಗೋಣು" ಅಂದರು.

ಹುಡುಗಿ ತಲೆ ಎತ್ತಿದಳು. "ಮಾಳಮ್ಮ ರಿ" ಅಂದಳು. ಆಮೇಲೆ ಅಳು ಒತ್ತರಿಸಿ ಬಂದು ಅಕ್ಕೋರ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು.

ಮೇಜಿನ ಕೊನೆಯಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ನಮ್ಮ ಪಕ್ಕ ನಿಂತಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು. ಒಬ್ಬ ಮೊಬೈಲು ಹೊರತೆಗೆದ. ಯಜಮಾನ ಅವರನ್ನೆಲ್ಲ ಒಮ್ಮೆ ನೋಡಿ, "ಹೋಗಿ ಮಾರಾಯ್ರೆ, ಕರ್ಕೊಂಡು ಹೋಗಿ. ಇನ್ನು ಈ ಕಡೆ ಕಾಣಬಾರದು" ಅಂದ.

ಆಟೋ ಹತ್ತಿದ ಮೇಲೂ ನಮಗೆ ಜೀವ ಬಂದಿರಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಬೈಕಿನ ಸದ್ದು. ನೋಡಿದರೆ ನಮ್ಮನ್ನೇ ಹಿಂಬಾಲಿಸುತ್ತಿದೆ, ಹಾರ್ನ್ ಹೊಡೆಯುತ್ತಿದೆ. ಅಕ್ಕೋರು ಆಟೋದವನಿಗೆ "ನಿಲ್ಲಸಬ್ಯಾಡಪ್ಪಾ, ಜಲ್ದಿ ನಡಿ" ಅನ್ನುತ್ತ ಹುಡುಗಿಯನ್ನು ಸೀಟಿನ ಕೆಳಗೆ ಅಡಗಿಸಿ ತಮ್ಮ ಸೆರಗು ಮುಚ್ಚಿದರು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಆಟೋ ನಿಲ್ಲಲೇಬೇಕಾಯಿತು. ಬೈಕು ಬಂದು ಪಕ್ಕದಲ್ಲಿ ನಿಂತಿತು. ಅಕ್ಕೋರು ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದುಕೊಂಡಿದ್ದರು.

ಅದು ಆ ಬೈಕಲ್ಲ, ಓಡಿಸುತ್ತಿದ್ದವನು ಗುರುತಿಲ್ಲದ ಒಬ್ಬ ಹುಡುಗ. ಹಿಂದಿನ ಸೀಟಿನಿಂದ ಇಳಿದವಳು ಆ ಅಡುಗೆಯ ಹೆಂಗಸು. ಕೈಯಲ್ಲಿ ಒಂದು ಬಟ್ಟೆಯ ಚೀಲ. "ಮಗುವಿನ ಅಂಗಿ ಉಂಟು ಇದರಲ್ಲಿ. ಸ್ವಲ್ಪ ಅನ್ನವೂ ಕಟ್ಟಿದ್ದೇನೆ" ಅಂದಳು. ಸೆರಗಿನ ಕೆಳಗೆ ಕೈ ಹಾಕಿ ಹುಡುಗಿಯ ಮೋಟು ತಲೆ ಸವರಿದಳು. "ಹೇನು ಅಂತ ಹಾಸ್ಟೆಲಿನವರು ಕೂದಲು ಕತ್ತರಿಸಿದ ದಿನ ಊಟವೇ ಮಾಡಲಿಲ್ಲ ಇವಳು. ಪೇಟೆಯಲ್ಲಿ ನಿಲ್ಲಬೇಡಿ, ಸಿಕ್ಕಿದ ಬಸ್ಸು ಹತ್ತಿಬಿಡಿ." ಗೇಟು ಏಳುವ ಮೊದಲೇ ಬೈಕು ತಿರುಗಿ ಹೋಯಿತು.

ಬಸ್ಸು ಘಟ್ಟ ಹತ್ತಿ ಬಯಲಿಗೆ ಬಂದ ಮೇಲೂ ಅಕ್ಕೋರು ಮಾಳಮ್ಮನ ಮಣಿಕಟ್ಟು ಬಿಡಲಿಲ್ಲ. ಎಕಂಬಾಕ್ಕೆ ಮುಟ್ಟಿಸಿದಾಗ ಅವಳ ತಂದೆ, "ಹಾಸ್ಟೆಲ್ ಅಂದಿದ್ರಲ್ರೀ ಅಕ್ಕೋರ, ಹಾಸ್ಟೆಲ್ ಅಂದಿದ್ರಲ್ರೀ" ಅಂತ ಅದೊಂದೇ ಮಾತು ಹೇಳುತ್ತ ಹಣೆ ಬಡಿದುಕೊಂಡ. ತಾಯಿ ಮಗಳ ಕೂದಲಿಗೆ ಎಣ್ಣೆ ಹಚ್ಚುತ್ತ ಕೂತುಬಿಟ್ಟಳು.

ಆದರೆ ಆ ವರ್ಷವೂ ಬೆಳೆ ಬರಲಿಲ್ಲ. ದೀಪಾವಳಿಯ ನಂತರ ಮತ್ತೆ ದಲಾಲನ ಜೀಪುಗಳು ಬಂದವು, ಮತ್ತೆ ಗಂಟುಮೂಟೆ ಏರಿದವು. ಅಕ್ಕೋರು ಮನೆ ಮನೆಗೆ ಹೋಗಿ, ನೀವು ಹೋಗುವುದಾದರೆ ಹೋಗಿರಿ, ಮಕ್ಕಳನ್ನು ಸಾಲಿಯಲ್ಲಿ ಬಿಟ್ಟು ಹೋಗಿರಿ ಅಂದರು. ಊಟಕ್ಕೆ ಊರವರು ಕಾಳುಕಡಿ ಕೊಟ್ಟರು, ಸಾಲಿಯ ಅಡುಗೆಯವಳು ಸಂಜೆಯೂ ಒಲೆ ಹಚ್ಚಲು ಒಪ್ಪಿದಳು. ದಲಾಲನ ಕಡೆಯವರು ಬೀದರಿನ ಕೋಣೆಗೇ ಬಂದು, ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡ ಅಂತ ಬೆದರಿಸಿ ಹೋದರು. ಆ ದಿನ ಅಕ್ಕೋರು ನಮ್ಮ ಮನೆಯಲ್ಲೇ ಊಟ ಮಾಡಿದರು. ಮರುದಿನ ಕೋಣೆಗೆ ಬೀಗ ಹಾಕಿ, ಹಾಸಿಗೆ ಸುತ್ತಿಕೊಂಡು ಎಕಂಬಾಕ್ಕೆ ಹೋದರು.

ಒಂದು ಭಾನುವಾರ ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ ಹಿಡಿದು ನೋಡಲು ಹೋದೆ. ಕೊನೆಯ ಜೀಪು ತಪ್ಪಿ ಅಲ್ಲೇ ಉಳಿಯಬೇಕಾಯಿತು. ಕತ್ತಲಾಗುತ್ತಿತ್ತು. ಕೋಣೆಯ ತುಂಬ ಮಕ್ಕಳು ಚಾಪೆ ಹಾಸುತ್ತಿದ್ದರು. ಸಾಲಿಯ ಸುತ್ತ ಒಂದು ಮನೆಯಲ್ಲೂ ದೀಪವಿರಲಿಲ್ಲ, ಎಲ್ಲ ಬೀಗ. ಬಯಲಿನಿಂದ ನರಿ ಕೂಗುವುದು ಕೇಳುತ್ತಿತ್ತು. ಅಕ್ಕೋರು ತಮ್ಮ ಹಾಸಿಗೆಯನ್ನು ಬಾಗಿಲಿಗೆ ಅಡ್ಡವಾಗಿ, ಹೊಸ್ತಿಲಿಗೆ ಹೊಂದಿಸಿ ಹಾಸಿದರು.

"ಇಲ್ಲಿ ಮಲಗ್ಲಿಕ್ಕ ನಿಮಗ ಅಂಜಿಕಿ ಬರಂಗಿಲ್ಲೇನ್ರಿ ಅಕ್ಕೋರ?" ಅಂದೆ.

"ಬರ್ತದಲ್ಲವ್ವಾ. ಭಾಳ ಬರ್ತದ. ಅದಕ್ಕ ಬಾಗಲಾಗ ಮಲಗ್ತೇನಿ. ಅಂಜಿಕಿ ಇದ್ದವರಿಗೆ ಜಲ್ದಿ ಎಚ್ಚರ ಆಗ್ತದ."

ಒಳಗಿನ ಮೂಲೆಯಿಂದ ಮಾಳಮ್ಮ ಎದ್ದಳು. ತನ್ನ ಚಾಪೆಯನ್ನು ಎಳೆದುಕೊಂಡು ಬಂದು ಅಕ್ಕೋರ ಬಾಜು ಬಾಗಿಲಲ್ಲೇ ಹಾಸಿದಳು.